ಅಂಗಡಿಯ ಕಾಗದದಲ್ಲಿ ಸುತ್ತಿದ ಮೀನು

ನನ್ನ ಸೊಸೆ ಬಸುರಿಯಾಗಿದ್ದಾಗ, ತಿನ್ನಬಾರದೆಂದು ಫಲಕ ಹಾಕಿದ್ದ ಕೆರೆಯ ಮೀನನ್ನು ಹಿಡಿದು ತಂದು, ಅಂಗಡಿಯದ್ದೆಂದು ಸುಳ್ಳು ಹೇಳಿ ಅವಳಿಗೆ ಉಣ್ಣಿಸಿದೆ. ಒಂದು ಸಲವಲ್ಲ, ತಿಂಗಳುಗಟ್ಟಲೆ. ಫಲಕ ಓದಲು ಬಾರದೆ ಮಾಡಿದೆನೆಂದು ದಯವಿಟ್ಟು ಭಾವಿಸಬೇಡಿ. ಮೀನಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನಗಿಂತ ತಿಳಿದವರು ಇರಲಿಲ್ಲ. ಅದಕ್ಕೇ ಅವಳು ನಂಬಿದಳು.

ನಾನು ಮಲ್ಪೆಯವನು. ಹೈಸ್ಕೂಲು ಮುಗಿಸಿ ಅಪ್ಪನ ದೋಣಿ ಹತ್ತಿದವನು. ನಡುವಯಸ್ಸಿನಲ್ಲಿ ಅಕ್ಕ ಕರೆಸಿಕೊಂಡಳೆಂದು ಹೆಂಡತಿ ಮಗನೊಂದಿಗೆ ಈ ದೇಶಕ್ಕೆ ಬಂದೆ. ಮೌಂಟನ್ ವ್ಯೂನ ಹತ್ತಿರ ಒಂದು ದೊಡ್ಡ ಗ್ರೋಸರಿ ಅಂಗಡಿಯಲ್ಲಿ, ಮೀನಿನ ಕೌಂಟರಿನ ಹಿಂದೆ ನಿಂತು ಮೀನು ಕತ್ತರಿಸಿದೆ — ಕೈ ನಡುಗತೊಡಗುವವರೆಗೂ. ನನ್ನ ಬೆನ್ನ ಹಿಂದಿನ ಗೋಡೆಯಲ್ಲೇ ಒಂದು ಪಟ್ಟಿ ತೂಗುತ್ತಿತ್ತು: ಪಾದರಸದ ಕಾರಣ ಬಸುರಿಯರು ಯಾವ ಮೀನು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂದು. ಎಷ್ಟೋ ಹೆಣ್ಣುಮಕ್ಕಳಿಗೆ ಅದನ್ನು ಬೆರಳಿಟ್ಟು ತೋರಿಸಿ ವಿವರಿಸಿದ್ದೇನೆ. ಅಪರಿಚಿತರಿಗೆ.

ಗಾಳ ಹಾಕುವ ಹುಚ್ಚು ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಇಲ್ಲಿಯವರು ಎರೆಹುಳಕ್ಕಿಂತ ಲೂರ್ ಹೆಚ್ಚು ಬಳಸುತ್ತಾರೆ — ರಬ್ಬರಿನ ಹುಳ, ಪ್ಲಾಸ್ಟಿಕ್ಕಿನ ಕಪ್ಪೆ, ನೀರಲ್ಲಿ ಗಿರಗಿರ ತಿರುಗುವ ತಗಡಿನ ಚೂರು. ಜೀವವಿಲ್ಲದ್ದನ್ನು ಜೀವವಿದ್ದಂತೆ ಆಡಿಸುವುದೇ ಕೈಚಳಕ. ಜೊಂಡಿನ ಅಂಚಿಗೆ ಎಸೆಯಬೇಕು, ತಳ ಮುಟ್ಟಲು ಬಿಡಬೇಕು, ಕೋಲಿನ ತುದಿಯನ್ನು ಒಂದಿಷ್ಟೇ ಎತ್ತಿ ಮತ್ತೆ ಇಳಿಸಬೇಕು. ಬಾಸ್ ಮೀನು ಅದನ್ನು ಬಾಯಿಗೆ ಹಾಕಿಕೊಂಡಾಗ ದಾರದಲ್ಲಿ ಸಣ್ಣದೊಂದು ತಟ್ಟು ಬರುತ್ತದೆ. ಆಗಲೇ ಎಳೆಯಬೇಕು. ತಡಮಾಡಿದರೆ ಮೀನು ಕೊಕ್ಕೆಯನ್ನು ಗಂಟಲಿನಾಚೆ ನುಂಗಿಬಿಡುತ್ತದೆ. ಆಮೇಲೆ ಬಿಟ್ಟರೂ ಅದು ಉಳಿಯುವುದಿಲ್ಲ.

ನಾನು ಹೋಗುತ್ತಿದ್ದದ್ದು ಸ್ಯಾನ್ ಹೋಸೆಯ ದಕ್ಷಿಣದ ಗುಡ್ಡಗಳ ನಡುವಿನ ಒಂದು ಅಣೆಕಟ್ಟಿನ ಕೆರೆಗೆ. ಆ ಗುಡ್ಡಗಳಲ್ಲಿ ಹಿಂದೆ ಪಾದರಸದ ಗಣಿಗಳಿದ್ದವು. ಗಣಿ ಮುಚ್ಚಿ ತಲೆಮಾರುಗಳೇ ಕಳೆದರೂ ಮಳೆನೀರಿನ ಜೊತೆ ಆ ವಿಷ ಇಳಿಯುತ್ತಲೇ ಇದೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗಿ, ಅದರ ಮಾಂಸದಲ್ಲಿ ಸೇರಿಕೊಂಡು ಕೂರುತ್ತದೆ. ದಡದಲ್ಲಿ ನಾಲ್ಕು ಭಾಷೆಗಳ ಫಲಕ: ಹಿಡಿಯಿರಿ, ಬಿಟ್ಟುಬಿಡಿ, ತಿನ್ನಬೇಡಿ. ಕೆಳಗೆ ತಟ್ಟೆಯಲ್ಲಿಟ್ಟ ಮೀನಿನ ಚಿತ್ರ, ಅದರ ಮೇಲೆ ಕೆಂಪು ಗೆರೆ. ಹಿಡಿದ ಮೀನನ್ನು ನೀರಿಗೆ ಬಿಡುವುದು ಮಲ್ಪೆಯವನಿಗೆ ಮೊದಮೊದಲು ಹೊಟ್ಟೆಯುರಿ. ಆಮೇಲೆ ಅಭ್ಯಾಸವಾಯಿತು. ವರ್ಷಗಟ್ಟಲೆ ಹಾಗೆಯೇ ಬಿಟ್ಟು ಬಂದೆ.

ಆ ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡಿದ್ದಳು. ಮಗ ದಿನೇಶ ಕಂಪನಿ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಸುಚಿತ್ರಾ ಮಂಗಳೂರಿನವಳು, ಪಾಲೋ ಆಲ್ಟೋದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಬಸುರಿಯಾದಾಗ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲದಾಯಿತು. ಅನ್ನ ಬೇಯುವ ವಾಸನೆಗೆ ಓಡಿಹೋಗುತ್ತಿದ್ದಳು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಡಾಕ್ಟರು ವಾಂತಿ ನಿಲ್ಲಲು ಮಾತ್ರೆ ಕೊಟ್ಟರು. ಅದರಿಂದ ವಾಂತಿ ಕಡಿಮೆಯಾಯಿತು, ಆದರೆ ಊಟ ಸೇರಲಿಲ್ಲ. ನಾನು ಅಂಗಡಿಯಿಂದ ಒಳ್ಳೊಳ್ಳೆಯ ಮೀನು ತಂದು ಹುಳಿಖಾರದ ಪುಳಿಮುಂಚಿ ಸಾರು ಮಾಡಿದರೆ ಮುಖ ತಿರುಗಿಸುತ್ತಿದ್ದಳು. "ಮಾವ, ಬೇಜಾರು ಮಾಡ್ಬೇಡಿ. ಐಸಿನ ವಾಸನೆ ಬರ್ತದೆ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕೆರೆಯಲ್ಲಿದ್ದಾಗ ದಿನೇಶ ಫೋನು ಮಾಡಿದ. "ಅಪ್ಪ, ಅವಳು ಎರಡು ದಿನದಿಂದ ಏನೂ ತಿಂದಿಲ್ಲ. ನೀವು ಬಂದು ಏನಾದ್ರೂ ನೋಡಿ." ನಾನು ಮಾತಾಡುತ್ತಿರುವಾಗಲೇ ದಾರದಲ್ಲಿ ತಟ್ಟು ಬಂದಿರಬೇಕು. ಕೋಲು ಎತ್ತಿದಾಗ ಬಾಸ್ ರಬ್ಬರಿನ ಹುಳವನ್ನು ಪೂರ್ತಿ ನುಂಗಿತ್ತು. ಕಿವಿರಿನಿಂದ ರಕ್ತ. ನೀರಿಗೆ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿತು. ಸಾಯುತ್ತಿದ್ದ ಮೀನನ್ನು ಅಲ್ಲೇ ಬಿಟ್ಟು ಬರಲು ಮನಸ್ಸು ಬರಲಿಲ್ಲ. ನಾನೊಬ್ಬನೇ ತಿನ್ನುವುದೆಂದು ಮನೆಗೆ ತಂದೆ. ಇಲ್ಲಿಯವರೆಗೆ ನಡೆದದ್ದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ತಪ್ಪು ಶುರುವಾದದ್ದು ಮುಂದೆ —

ಮಸಾಲೆ ಕುದಿಯುವಾಗ ಸುಚಿತ್ರಾ ಕೋಣೆಯಿಂದ ಎದ್ದು ಬಂದಳು. ಮೂಗು ಮುಚ್ಚಿಕೊಂಡಿರಲಿಲ್ಲ.

"ಎಂತ ಮೀನು ಮಾವ? ಊರಿನ ಹಾಗೆ ವಾಸನೆ ಬರ್ತಾ ಉಂಟು."

ತಟ್ಟೆ ತಾನೇ ಹಾಕಿಕೊಂಡಳು. ಎರಡು ತುಂಡು ತಿಂದಳು. ನಾನು ಸೌಟು ಹಿಡಿದು ನಿಂತೇ ಇದ್ದೆ. ಬಾಯಿ ತೆರೆಯಲು ಸಮಯವಿತ್ತು — ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಸಮಯವಿತ್ತು. ಅವಳೇ ತಲೆಯೆತ್ತಿ ಕೇಳಿದಳು:

"ಅಂಗಡಿದ್ದೇ ಅಲ್ವಾ?"

"ಅಂಗಡಿದ್ದೇ ಮಗಾ. ಮತ್ತೆ ಎಲ್ಲಿಂದ ತರ್ಲಿ?"

ಇಷ್ಟೇ ಮಾತು. ಆ ರಾತ್ರಿ ಅವಳು ವಾಂತಿ ಮಾಡಲಿಲ್ಲ. ಬೆಳಿಗ್ಗೆ ದಿನೇಶ ನನ್ನ ಕೈ ಹಿಡಿದುಕೊಂಡು, "ಅಪ್ಪ, ಅದೇ ಮೀನು ಇನ್ನೂ ಸಿಗ್ತದಾ?" ಎಂದ.

ಸಿಗುತ್ತದೆ ಎಂದೆ.

ಅಂಗಡಿಯ ತಾಜಾ ಮೀನನ್ನು ಅದೇ ಮಸಾಲೆಯಲ್ಲಿ ಮಾಡಿ ನೋಡಿದೆ. ಅವಳು ತುತ್ತು ಬಾಯಿಗಿಟ್ಟು ಉಗುಳಿದಳು. ದೂರದ ಬೇರೆ ಕೆರೆಗೆ ಹೋಗಬಹುದಿತ್ತು, ತಿನ್ನಲು ಅಡ್ಡಿಯಿಲ್ಲದ ನೀರು ಎಷ್ಟೋ ಇದೆ. ಆದರೆ ಅಲ್ಲಿ ಬರಿಗೈಯಲ್ಲಿ ಬರುವ ಭಯ. ಈ ಕೆರೆಯ ಒಂದೊಂದು ಜೊಂಡಿನ ಬುಡವೂ ನನಗೆ ಗೊತ್ತು. ನಿಜ ಹೇಳುತ್ತೇನೆ — ಭಯಕ್ಕಿಂತ ದೊಡ್ಡದು ಬೇರೆಯೇ ಇತ್ತು. ಆ ಮನೆಯಲ್ಲಿ ಮೊದಲ ಬಾರಿಗೆ ಎಲ್ಲರೂ ನನ್ನ ದಾರಿ ಕಾಯುತ್ತಿದ್ದರು. ಡಾಕ್ಟರ ಕೈಯಲ್ಲಾಗದ್ದು ಮಾವನ ಕೈಯಲ್ಲಾಯಿತು ಎಂದು ಸುಚಿತ್ರಾ ಫೋನಿನಲ್ಲಿ ತನ್ನ ತಾಯಿಗೆ ಹೇಳುವುದು ಕೇಳಿಸುತ್ತಿತ್ತು. ಅದನ್ನು ಬಿಟ್ಟುಕೊಡಲು ನನ್ನಿಂದ...

ಕೆರೆಯಿಂದ ನೇರ ಅಂಗಡಿಗೆ ಹೋಗುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಮೀನನ್ನು ಮುಳ್ಳು ತೆಗೆದು ತುಂಡು ಮಾಡಿ, ಕೌಂಟರಿನ ಬಿಳಿ ಕಾಗದದಲ್ಲಿ ಸುತ್ತಿ, ಅದರ ಮೇಲೆ ವೈಟ್‌ಫಿಶ್ ಎಂಬ ಬೆಲೆಚೀಟಿ ಅಂಟಿಸುತ್ತಿದ್ದೆ. ಅದೇ ಹೆಸರೇಕೆ? ಗೋಡೆಯ ಪಟ್ಟಿಯಲ್ಲಿ ಬಸುರಿಯರು ತಿನ್ನಬಹುದಾದ ಸಾಲಿನಲ್ಲಿ ಅದು ಇತ್ತು. ಸುಚಿತ್ರಾ ಆ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತಿತ್ತು. ಅವಳು ಪೊಟ್ಟಣ ನೋಡಿದಳು, ಪಟ್ಟಿ ನೋಡಿದಳು, ನಕ್ಕಳು.

ಸಣ್ಣ ಮೀನನ್ನೇ ಒಯ್ಯುತ್ತೇನೆ, ಸಣ್ಣದರಲ್ಲಿ ವಿಷ ಕಡಿಮೆ ಎಂದು ಮೊದಲು ನನಗೆ ನಾನೇ ಕಟ್ಟಳೆ ಮಾಡಿಕೊಂಡಿದ್ದೆ. ಒಂದು ದಿನ ಬಿಸಿಲೇರುವವರೆಗೂ ಸಣ್ಣದು ಬೀಳಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಕಪ್ಪೆಗೆ ಒಂದು ದೊಡ್ಡ ಬಾಸ್ ಹಾರಿತು, ಒಂದು ಮೊಳ ಉದ್ದದ್ದು. ಅದನ್ನು ಐಸ್ ಪೆಟ್ಟಿಗೆಗೆ ಹಾಕಿ ಮುಚ್ಚುವಾಗ ಹಿಂದೆ ಹೆಜ್ಜೆ ಸಪ್ಪಳ. ಕೆರೆಯ ಉಸ್ತುವಾರಿಯ ರೇಂಜರು, ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಪೆಟ್ಟಿಗೆ ತೆರೆಯುತ್ತೀರಾ?" ಎಂದಳು.

ತೆರೆದೆ. ಮೀನು ಇನ್ನೂ ಬಾಲ ಬಡಿಯುತ್ತಿತ್ತು.

"ಫಲಕ ನೋಡಿದ್ದೀರಲ್ಲ? ಇದನ್ನು ತಿನ್ನುವ ಹಾಗಿಲ್ಲ."

"ತಿನ್ನಲಿಕ್ಕಲ್ಲ," ಎಂದೆ. "ಬೆಕ್ಕಿಗೆ."

ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು: "ಬೆಕ್ಕಿಗೂ ಕೊಡಬೇಡಿ."

ಬಿಡುತ್ತೇನೆಂದು ತಲೆಯಾಡಿಸಿ ನೀರಿನ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಅವಳ ಗಾಡಿ ತಿರುವು ದಾಟುವವರೆಗೆ ಕಾದೆ. ಮನೆಯಲ್ಲಿ ಸುಚಿತ್ರಾ ಹಸಿದು ಕಾಯುತ್ತಿದ್ದಳು... ಪೆಟ್ಟಿಗೆಯನ್ನು ಕಾರಿಗೆ ಹಾಕಿದೆ. ಆ ಸಂಜೆ ಅವಳು ಎರಡು ಸಲ ಬಡಿಸಿಕೊಂಡಳು.

ಮೊಮ್ಮಗಳು ಮಾನ್ಯ ಹುಟ್ಟಿದಳು. ಚಂದದ, ತೂಕದ ಮಗು. ನಾನು ಉಸಿರು ಬಿಟ್ಟೆ. ಆದರೆ ಎರಡು ವರ್ಷವಾದರೂ ಮಾತು ಬರಲಿಲ್ಲ. ಬಟನು ಹಾಕಲು, ಚಮಚ ಹಿಡಿಯಲು ಬೆರಳುಗಳು ಕೇಳುತ್ತಿರಲಿಲ್ಲ. ಮಾತಿನ ಥೆರಪಿ, ಕೈಯ ಥೆರಪಿ ಎಂದು ಓಡಾಟ ಶುರುವಾಯಿತು. ತಜ್ಞ ಡಾಕ್ಟರ ಬಳಿ ಹೋದಾಗ ದಿನೇಶನಿಗೆ ರಜೆ ಸಿಗದೆ ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರು ಒಂದೊಂದಾಗಿ ಕೇಳುತ್ತ ಬಂದು, ಬಸುರಿಯಾಗಿದ್ದಾಗ ಮೀನು ತಿನ್ನುತ್ತಿದ್ದಿರಾ ಎಂದರು.

ಸುಚಿತ್ರಾ ಹೆಮ್ಮೆಯಿಂದಲೇ ಹೇಳಿದಳು: "ಹೌದು, ಆದರೆ ಪಾದರಸ ಕಡಿಮೆ ಇರುವುದು ಮಾತ್ರ. ನಮ್ಮ ಮಾವ ಮೀನಿನ ಕೌಂಟರಿನಲ್ಲೇ ಕೆಲಸ ಮಾಡುವುದು. ಅವರೇ ಆರಿಸಿ ತರುತ್ತಿದ್ದರು."

ಡಾಕ್ಟರು ನನ್ನತ್ತ ತಿರುಗಿ ಮುಗುಳ್ನಕ್ಕರು. ನಾನೂ ನಕ್ಕೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ಆ ನಗು — ಕೆರೆಯಲ್ಲಿ ಮಾಡಿದ್ದಕ್ಕಿಂತ ಅದು ದೊಡ್ಡ ಪಾಪವೆಂದು ಈಗ ಅನ್ನಿಸುತ್ತದೆ. ಮೀನೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಾರರು, ಅಲ್ಲವೆಂದೂ ಹೇಳಲಾರರು. ಆ ಅನುಮಾನದ ಹಿಂದೆ ನಾನು ಇಷ್ಟು ವರ್ಷ ಅಡಗಿ ಕೂತೆ. ಕಾರಣ ಸಿಗದಿದ್ದಾಗ ತಾಯಿಯಾದವಳು ಸುಮ್ಮನಿರುತ್ತಾಳೆಯೇ? ಸುಚಿತ್ರಾ ತಾನೇ ಒಂದನ್ನು ಹುಡುಕಿಕೊಂಡಳು: ವಾಂತಿಯ ಮಾತ್ರೆ. ಮಾತ್ರೆಯಿಂದ ಅಲ್ಲವೆಂದು ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. "ಸ್ವಲ್ಪ ತಡ್ಕೊಳ್ಬಹುದಿತ್ತು ನಾನು. ನನ್ನ ಸುಖಕ್ಕೆ ನುಂಗಿದೆ" ಎಂದು ಅಳುತ್ತಿದ್ದಳು. ಕೆಲಸ ಬಿಟ್ಟಳು. ಇನ್ನೊಂದು ಮಗು ಬೇಡವೆಂದಳು. ನಾನು ಪಕ್ಕದಲ್ಲೇ ಕೂತು, "ಹಾಗೆಲ್ಲ ಹೇಳ್ಬೇಡ ಮಗಾ" ಎಂದು ಸಮಾಧಾನ ಹೇಳುತ್ತಿದ್ದೆ. ಒಳ್ಳೆಯ ಮಾವ ಎಂದೇ ಹೆಸರು ಪಡೆದೆ. ಗಾಳದ ಕೋಲುಗಳನ್ನು ಯಾರಿಗೋ ಕೊಟ್ಟುಬಿಟ್ಟೆ, ಬೆನ್ನು ನೋವೆಂದೆ.

ಮಾನ್ಯಳಿಗೆ ಈಗ ಹತ್ತು ವರ್ಷ. ಮಾತು ಬಂದಿದೆ, ಆದರೆ ಒಂದೊಂದು ಪದವನ್ನೂ ಹುಡುಕಿ ತರಬೇಕು ಅವಳು. ಬುದ್ಧಿಗೆ ಏನೂ ಕಡಿಮೆಯಿಲ್ಲ. ಮೆಟ್ಟಿಲು ಹತ್ತುವಾಗ ನಾನು ಹಿಂದೆ ಬಿದ್ದರೆ ತಿರುಗಿ ನಿಂತು, "ಅಜ್ಜ... ಯು ಆರ್... ದ ಸ್ಲೋ ಒನ್" ಎಂದು ಛೇಡಿಸುತ್ತಾಳೆ.

ಸುಮ್ಮನೆ ಸಾಯಬಹುದಿತ್ತು ನಾನು. ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಳೆದ ತಿಂಗಳು ಸುಚಿತ್ರಾಳ ಚಿಕ್ಕಮ್ಮನ ಮಗಳು ರಕ್ಷಿತಾ, ಸ್ಯಾನ್ ರಮೋನ್‌ನಲ್ಲಿರುವವಳು, ಬಸುರಿಯೆಂದು ತಿಳಿಯಿತು. ಅವಳಿಗೂ ಅದೇ ವಾಂತಿ, ಅದೇ ಮಾತ್ರೆ. ಸುಚಿತ್ರಾ ಅವಳಿಗೆ, "ನನ್ನ ಕತೆ ಗೊತ್ತುಂಟಲ್ಲ? ಅದನ್ನು ಮುಟ್ಬೇಡ" ಎಂದಳು. ಆ ಹುಡುಗಿ ಮಾತ್ರೆಯನ್ನು ಕಸದ ಡಬ್ಬಿಗೆ ಹಾಕಿದಳು. ಮೊನ್ನೆ ಶನಿವಾರ ಅವಳ ಗಂಡನ ಫೋನು ಬಂತು: ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ, ಮಾತ್ರೆ ತೆಗೆದುಕೊಳ್ಳಲು ಒಪ್ಪುತ್ತಿಲ್ಲ, ಮಗುವಿನ ವಿಷಯದಲ್ಲಿ ಡಾಕ್ಟರಿಗೆ ಚಿಂತೆಯಾಗಿದೆ.

ಸುಚಿತ್ರಾ ಅವನಿಗೆ ಹೇಳುತ್ತಿದ್ದಳು: "ಡ್ರಿಪ್ ಹಾಕಿದ್ರೆ ಸರಿಯಾಗ್ತದೆ. ಗಟ್ಟಿ ಮನಸ್ಸು ಮಾಡ್ಲಿ. ಮಾತ್ರೆ ಮಾತ್ರ ಬೇಡ."

ಅವಳು ಫೋನು ಇಟ್ಟ ಕೂಡಲೇ ಹೇಳಿದೆ. ನಿಂತುಕೊಂಡೇ ಹೇಳಿದೆ — ಕೆರೆ, ಫಲಕ, ಕಾಗದ, ಚೀಟಿ, ಬೆಕ್ಕಿನ ಸುಳ್ಳು, ಎಲ್ಲವನ್ನೂ.

"ಬೋರ್ಡು ಓದಿದ್ರಾ?"

"ಓದಿದ್ದೆ."

"ಎಷ್ಟು ಸಲ ತಂದ್ರಿ?"

"ಲೆಕ್ಕ ಇಟ್ಟಿಲ್ಲ. ನೀನು ಕೇಳಿದಾಗೆಲ್ಲ."

"ಡಾಕ್ಟ್ರು ಕೇಳುವಾಗ ನೀವು ನನ್ನ ಹತ್ರವೇ ಕೂತಿದ್ರಿ."

ಅದು ಪ್ರಶ್ನೆಯಾಗಿರಲಿಲ್ಲ. ಅವಳು ನನ್ನನ್ನು ಬೈಯಲಿ, ಹೊಡೆಯಲಿ ಎಂದು ಕಾದು ನಿಂತಿದ್ದೆ. ಅವಳು ಫೋನು ಎತ್ತಿಕೊಂಡಳು.

"ರಕ್ಷಿತಾ, ನಾನು. ಮಾತ್ರೆ ತಗೊ. ನಾನು ಹೇಳಿದ್ದು ತಪ್ಪು... ಇಲ್ಲ, ನನ್ನ ತಲೆಗೆ ಯಾರೂ ತುಂಬಿಸಿದ್ದಲ್ಲ. ಈಗ ಗೊತ್ತಾಯ್ತು. ಮತ್ತೆ ಹೇಳ್ತೇನೆ, ಎಲ್ಲ ಮತ್ತೆ ಹೇಳ್ತೇನೆ. ನರ್ಸನ್ನು ಕರಿ. ನಾನು ಲೈನಲ್ಲೇ ಇರ್ತೇನೆ, ನೀನು ನುಂಗು."

ಅತ್ತ ಕಡೆಯಿಂದ ನುಂಗಿದೆನೆಂಬ ಮಾತು ಬರುವವರೆಗೂ ಅವಳು ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳು ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ದಿನೇಶ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಸುಚಿತ್ರಾ ಊಟಕ್ಕೆ ಕರೆಯುತ್ತಾಳೆ, ಅಷ್ಟೇ. ನಿನ್ನೆ ತಟ್ಟೆ ಇಡುತ್ತ, "ಡಾಕ್ಟ್ರ ಹತ್ರ ನೀವೇ ಬಂದು ಹೇಳ್ಬೇಕು" ಎಂದಳು. ಹೇಳುತ್ತೇನೆ. ಕ್ಷಮಿಸು ಎಂದು ಅವಳನ್ನು ಕೇಳಿಲ್ಲ. ಕೇಳಿದರೆ ಅವಳ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟಂತೆ.

ಇನ್ನೊಬ್ಬರಿಗೆ ಹೇಳುವುದು ಬಾಕಿಯಿದೆ. ಮಾನ್ಯ ಬಾಗಿಲ ಸಂದಿನಿಂದ ನೋಡುತ್ತಿದ್ದಾಳೆ. ಮನೆಯಲ್ಲಿ ಏನೋ ಆಗಿದೆಯೆಂದು ಅವಳಿಗೆ ಗೊತ್ತು. ಅವಳ ತಾಯಿ ಒಪ್ಪಿದ ದಿನ, ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಎದುರು ಕೂತು ನಾನೇ ಹೇಳಬೇಕು. ಅವಳು ಏನು ಕೇಳುತ್ತಾಳೋ ಗೊತ್ತಿಲ್ಲ. ಪದ ಸಿಗಲು ಅವಳಿಗೆ ಹೊತ್ತು ಬೇಕು. ಅವಳು ಹೇಳಿ ಮುಗಿಸುವವರೆಗೆ ನಾನು ಕೂತಲ್ಲಿಂದ ಏಳಬಾರದು.