ಕೈ ಆಡಿಸಲು ಒಪ್ಪದ ಮೇಷ್ಟ್ರು

ನಮ್ಮ ಕ್ವಾಯರ್ ಮೇಷ್ಟ್ರ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಮೊದಲೇ ಸವೆದುಹೋಗುತ್ತಿತ್ತು. ತಾಳ ಹಾಕಿ ಹಾಕಿ ಅದರ ಹಿಮ್ಮಡಿ ತೆಳ್ಳಗಾಗಿ, ನಡೆಯುವಾಗ ಸ್ವಲ್ಪ ವಾಲುತ್ತಿದ್ದರು. ದಾಸರಹಳ್ಳಿಯ ನಮ್ಮ ಚರ್ಚಿಗೆ, ಅಲ್ಲಿನ ಹಾಡುವ ತಂಡವಾದ ನಮಗೆ ಕಲಿಸಲು, ಚಿಕ್ಕಬಾಣಾವರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು.

ಹಾಸ್ಟೆಲಿನಲ್ಲಿ ಓದುವಾಗ ಪಾದ್ರಿಯೊಬ್ಬರಿಂದ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಕಲಿತವರು. ಆಮೇಲೆ ಶಾಲೆಯಲ್ಲಿ ಸಂಗೀತ ಕಲಿಸಿಕೊಂಡೇ ಪಿಯಾನೊ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದರು. ವಿನಯ ಅವರ ಹತ್ತಿರವೂ ಸುಳಿದಿರಲಿಲ್ಲ, ಮೂಗಿನ ತುದಿಯಲ್ಲೇ ಕೋಪ. ಹೊಸ ಹಾಡು ಕಲಿಸುವಾಗ ಮೊದಲು ಆಲ್ಟೋದವರನ್ನು, ಅಂದರೆ ತಗ್ಗು ದನಿಯ ಹೆಂಗಸರಾದ ನಮ್ಮನ್ನು, ಕೂರಿಸುತ್ತಿದ್ದರು. "ಮೇಲಿನ ರಾಗ ಊರಿಗೆಲ್ಲಾ ಬರುತ್ತೆ. ನಿಮ್ಮನ್ನ ಯಾರಮ್ಮಾ ಸಾಕ್ತಾರೆ?" ಎನ್ನುತ್ತಿದ್ದರು. ಮೈಕಿಗಾಗಿ ತಳ್ಳಾಡುತ್ತಿದ್ದ ನಮಗೆ ಪಕ್ಕದವರ ದನಿ ಕೇಳಿಸಿಕೊಳ್ಳುವುದನ್ನು ಕಲಿಸಿದ್ದು ಅವರೇ.

ಅಂಥವರಿಗೆ, ಕ್ರಿಸ್‌ಮಸ್ ಹತ್ತಿರ ಬಂದಾಗ, ಚರ್ಚಿನ ಸಭೆಯ ಹೊಸ ಕಾರ್ಯದರ್ಶಿ ಹೇಳಿದ ಮಾತು ನೋಡಿ: "ಮೇಷ್ಟ್ರೇ, ಹಾಡು, ಮ್ಯೂಸಿಕ್ ಎಲ್ಲಾ ಪೆನ್‌ಡ್ರೈವ್‌ನಲ್ಲಿದೆ. ಇವರು ಬಾಯಾಡಿಸ್ಲಿ, ನೀವು ಮುಂದೆ ನಿಂತು ಕೈ ಆಡಿಸಿ, ಸಾಕು."

"ಕೈ ಆಡ್ಸೋಕೆ ಹೆಬ್ಬಾಳದಲ್ಲಿ ಟ್ರಾಫಿಕ್ ಪೊಲೀಸ್ ಇದ್ದಾರೆ, ಅವರನ್ನ ಕರ್ಸ್ಕೊಳ್ಳಿ," ಎಂದು ಮೇಷ್ಟ್ರು ಹೊರಟೇಹೋದರು. ಅವರನ್ನು ಕರೆತರಲು ಸಭೆಯವರು ಒಬ್ಬರನ್ನೂ ಕಳಿಸಲಿಲ್ಲ. ಕ್ವಾಯರ್ ಮುಚ್ಚಿಹೋಯಿತು. ಮುಂದಿನ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು.

ಅವರ ಅಂತ್ಯಕ್ರಿಯೆಯ ಆರಾಧನೆಗೂ ಅದೇ ಪೆನ್‌ಡ್ರೈವ್! ಕೊನೆಯಲ್ಲಿ ಶವಪೆಟ್ಟಿಗೆ ಹೊತ್ತು ಬಾಗಿಲ ಕಡೆ ಹೊರಟವರು ಚರ್ಚಿನ ನಡುವೆ ಬರುವಷ್ಟರಲ್ಲಿ ಹಾಡು ಮುಗಿದುಹೋಯಿತು. ಮೇಷ್ಟ್ರು ಹಾಡಿಸುತ್ತಿದ್ದ ಕಾಲದಲ್ಲಿ ಹೊತ್ತವರ ಹೆಜ್ಜೆ ನೋಡಿ ಇನ್ನೊಂದು ಚರಣ ಎತ್ತಿಕೊಳ್ಳುತ್ತಿದ್ದರು. ಈ ಕಾರ್ಯದರ್ಶಿಯೋ, ಹೊತ್ತವರಿಗೇ "ಬೇಗ ಬೇಗ ನಡೀರಿ" ಎಂದ. ಅಷ್ಟರಲ್ಲಿ ಸ್ಪೀಕರಿನಲ್ಲಿ ಮುಂದಿನ ಹಾಡು ತಾನಾಗಿ ಶುರುವಾಯಿತು. ಅದು ಮದುವೆ ಹಾಡು.

"ಆರ್ಸ್ರೀ ಅದನ್ನ!" ನಾನು ಕೂಗಿದ್ದು ರಸ್ತೆಗೂ ಕೇಳಿಸಿತಂತೆ. ಹಳೇ ಕ್ವಾಯರಿನವರೆಲ್ಲ ಕೂತಲ್ಲಿಂದಲೇ ಎದ್ದು, ನಾಲ್ಕು ದನಿಗಳಲ್ಲಿ ಹಾಡಿ, ಮೇಷ್ಟ್ರನ್ನು ಬಾಗಿಲವರೆಗೆ ನಿಧಾನವಾಗಿ ಕಳಿಸಿಕೊಟ್ಟೆವು.

ಗೇಟಿನ ಬಳಿ ಕಾರ್ಯದರ್ಶಿ ಬಂದು, "ಮೇಡಂ, ಸೂಪರಾಗಿತ್ತು. ಕ್ವಾಯರ್ ಮತ್ತೆ ಶುರು ಮಾಡಿ, ನೀವೇ ನಡೆಸ್ಕೊಡಿ," ಎಂದ.

"ಅವರು ಬದುಕಿದ್ದಾಗ ಈ ಮಾತು ಅವರಿಗೆ ಹೇಳೋಕೆ ನಿಮ್ಗೇನ್ರೀ ದೊಡ್ಡರೋಗ ಬಂದಿತ್ತು?" ಎಂದೆ.

ಕ್ವಾಯರ್ ನಡೆಸುತ್ತಿದ್ದೇನೆ, ಅದು ಮೇಷ್ಟ್ರ ಋಣ. ಕಾರ್ಯದರ್ಶಿಯ ಜೊತೆ ಮಾತು ಬಿಟ್ಟಿದ್ದೇನೆ. ನಮಗೆ ಕೆಡುಕು ಮಾಡಿದವರನ್ನು ಕ್ಷಮಿಸುತ್ತೇವೆ ಎಂದು ಪ್ರತಿ ಭಾನುವಾರ ಎಲ್ಲರೂ ಒಟ್ಟಿಗೆ ಪ್ರಾರ್ಥಿಸುತ್ತೇವೆ. ಆ ಸಾಲು ಬಂದಾಗ ನಾನು ಬಾಯಿ ತೆರೆಯುವುದಿಲ್ಲ.