ನಡುಮನೆಯ ಎರಡನೇ ಮಂಚ

ಅರವತ್ತರ ದಶಕದ ಭದ್ರಾವತಿಯಲ್ಲಿ ಹಾರ್ಟ್ ಅಟ್ಯಾಕ್ ಗಂಡಸರ ಸ್ವತ್ತಾಗಿತ್ತು. ಗಂಡಸರಿಗೆ ಎದೆ ನೋವು ಬಂದರೆ ಅದು ಹೃದಯ, ಹೆಂಗಸರಿಗೆ ಬಂದರೆ ವಾಯು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ನಮ್ಮ ದೊಡ್ಡಪ್ಪನಿಗೆ ಅಟ್ಯಾಕ್ ಆದಮೇಲೆ ಕ್ವಾರ್ಟರ್ಸಿನಲ್ಲಿ ಅವರ ಗೌರವವೇ ಹೆಚ್ಚಿತು. ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ನೋಡಲು ಬಂದವರೆಲ್ಲ ತಲೆದೆಸೆಯಲ್ಲಿ ಮೂಸಂಬಿ ಇಟ್ಟು ಕೂರುತ್ತಿದ್ದರು. ಅಷ್ಟೂ ಜನಕ್ಕೆ ಕಾಫಿ ಕೊಡುವುದು ದೊಡ್ಡಮ್ಮನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ದೊಡ್ಡಮ್ಮ ಕಾಫಿ ಸೋಸುತ್ತಾ ದವಡೆ ಹಿಡಿದುಕೊಂಡು ಕೂತುಬಿಟ್ಟರು. ಬೆನ್ನೂ ನೋಯುತ್ತಿತ್ತು, ಮೈಯೆಲ್ಲ ಬೆವರು. ವಾಯುವೆಂದು ಓಮದ ಕಷಾಯ ಕುಡಿಸಿದವರೂ ಮನೆಯ ಹೆಂಗಸರೇ. ದೊಡ್ಡಪ್ಪನನ್ನು ನೋಡಲು ಶಿವಮೊಗ್ಗದಿಂದ ಬಂದಿದ್ದ ಡಾಕ್ಟರು, ಕಾಫಿ ಯಾಕೆ ಬರಲಿಲ್ಲವೆಂದು ದೊಡ್ಡಪ್ಪ ಗೊಣಗುವುದನ್ನು ಕೇಳಿ ಅಡುಗೆಮನೆಗೆ ಇಣುಕಿದರು. ನಾಡಿ ಹಿಡಿದವರೇ ದೊಡ್ಡಮ್ಮನನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಸಂಜೆ ಬಂದು, ದೊಡ್ಡಮ್ಮನಿಗೂ ಹಾರ್ಟ್ ಅಟ್ಯಾಕೇ ಎಂದರು.

ದೊಡ್ಡಪ್ಪ ನಂಬಲಿಲ್ಲ. "ಅವಳಿಗ್ಯಾಕೆ ಆಗುತ್ತೆ ಡಾಕ್ಟ್ರೇ? ಅವಳು ಮನೇಲೇ ಇರ್ತಾಳಲ್ಲ."

ಚೇತರಿಸಿಕೊಂಡು ಬಂದ ದೊಡ್ಡಮ್ಮನಿಗೆ ನಡುಮನೆಯಲ್ಲೇ ಇನ್ನೊಂದು ಮಂಚ ಬಿತ್ತು. ಅವರನ್ನು ನೋಡಲೆಂದೇ ಮೂಸಂಬಿ ಹಿಡಿದು ಬಂದ ಪಕ್ಕದ ಮನೆಯಾಕೆ, ರೂಢಿಯಂತೆ ನೇರ ದೊಡ್ಡಪ್ಪನ ತಲೆದೆಸೆಗೆ ಹೋಗಿ "ಈಗ ಹೇಗಿದೀರಿ?" ಎಂದು ಕೇಳಿದಳು.

ಆಚೆ ಮಂಚದಿಂದ ದೊಡ್ಡಮ್ಮ ಕೈ ಚಾಚಿದರು.

"ಅವರದ್ದು ಹಳೇದಾಯ್ತು ಮಾರಾಯ್ತಿ. ಹಣ್ಣು ಈ ಕಡೆ ಕೊಡು. ಕಾಫಿ ಬೇಕಿದ್ರೆ ಅವರನ್ನ ಕೇಳು."