ತಾತ ತೀರಿಕೊಂಡ ಊರು

ತಾತ ಸತ್ತು ನಾಲ್ಕು ತಿಂಗಳಾದರೂ ಅವರು ಸತ್ತಿದ್ದಾರೆ ಎನ್ನಲು ನಮ್ಮ ಬಳಿ ಒಂದು ಕಾಗದವೂ ಇರಲಿಲ್ಲ. ಅವರು ಸರ್ಕಾರಿ ಶಾಲೆಯ ನಿವೃತ್ತ ಜವಾನ. ಪಿಂಚಣಿ ಅಜ್ಜಿಯ ಹೆಸರಿಗೆ ಬರಬೇಕಾದರೆ ಮರಣ ದಾಖಲೆಯ ದೃಢೀಕೃತ ಪ್ರತಿ ಬೇಕು. ಅಜ್ಜಿಗೆ ಬೇರೆ ಆದಾಯವಿಲ್ಲ. ಗುಬ್ಬಿಯಲ್ಲಿ ಪಾಠ ಮಾಡುವ ನಾನು ಒಂದು ದಿನ ರಜೆ ಹಾಕಿ ಚಿಕ್ಕಪ್ಪನ ಜೊತೆ ಕುಣಿಗಲ್‌ಗೆ ಹೋದೆ. ಅಲ್ಲೇ ಹತ್ತಿರದ ನಮ್ಮೂರು ಕೊತ್ತಗೆರೆಯ ಮನೆಯಲ್ಲಿ, ಅಜ್ಜಿ ಬಾಯಿಗೆ ನೀರು ಬಿಟ್ಟ ಮೇಲೆ ತಾತ ಪ್ರಾಣ ಬಿಟ್ಟರೆಂಬುದು ಮನೆಯವರೆಲ್ಲರ ಮಾತು. ಅಂದು ನಾನು ತಲುಪಿದಾಗ ಎಲ್ಲ ಮುಗಿದಿತ್ತು.

ಆರೋಗ್ಯ ಕಚೇರಿಯ ಗುಮಾಸ್ತರು ರಿಜಿಸ್ಟರ್ ನೋಡಿದರು, ಕಂಪ್ಯೂಟರ್ ನೋಡಿದರು, ಹೆಸರಿಲ್ಲ ಎಂದರು.

“ಇಲ್ಲ ಅಂದ್ರೆ ಹೆಂಗೆ ಸಾರ್? ಮಣ್ಣು ಮಾಡಿರೋದು ನಮ್ಮ ತೋಟದಲ್ಲೇ.”

“ಮಣ್ಣು ಎಲ್ಲಾದ್ರೂ ಮಾಡ್ಕಳಿ ಕಣಮ್ಮ. ಉಸಿರು ಎಲ್ಲಿ ನಿಲ್ತೋ ಅಲ್ಲಿ ಬರ್ಕಂತಾರೆ.”

“ಅದು ನಿಂತಿದ್ದೂ ಇಲ್ಲೇ.”

“ನೀವು ನೋಡುದ್ರಾ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಲು ನಾನು ಕೇಳುತ್ತಿದ್ದ ಪ್ರಶ್ನೆ. ನಾನು ನೋಡಿರಲಿಲ್ಲ. ನೋಡಿದ್ದ ಚಿಕ್ಕಪ್ಪ ಆಗಲೇ ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದರು.

“ತುಮಕೂರಿಗೆ ಹೋಗನ ನಡಿ,” ಎಂದರು. “ಅಲ್ಲೇ ಆಸ್ಪತ್ರೇಲೇ ಹೋಗ್ಬುಟ್ಟಿದ್ರು ಕಣೇ.”

“ಮನೆಗೆ ಬಂದಾಗ ಮೂಗಿಗೆ ಆಕ್ಸಿಜನ್ ಇತ್ತು ಅಂತ ನೀನೇ ಅಂದಿದ್ದಲ್ಲ?”

“ಇತ್ತು. ತೆಗೀಬ್ಯಾಡ ಅಂತ ಆಂಬುಲೆನ್ಸ್ ಡ್ರೈವರ್‌ಗೆ ನಾನೇ ಹೇಳಿದ್ದೆ. ಹೊರಗೆ ಸತ್ತೋರ ಹೆಣ ಹೊಸ್ಲು ದಾಟ್ಸಕ್ಕೆ ಬುಡ್ತಾರಾ? ಕಟ್ಟಿಸಿದ ಮನೆ ಮುಂದೆ ಬೀದೀಲಿ ಮಲಗ್ಸಬೇಕಿತ್ತು ಅಪ್ಪನ್ನ.”

“ಹಂಗಾದ್ರೆ ಅಜ್ಜಿ ನೀರು ಬಿಟ್ಟಿದ್ದು ಹೆಣದ ಬಾಯಿಗಾ?”

“ಮೆತ್ತಗೆ ಮಾತಾಡೇ ತಾಯಿ. ನೀನು ಲಾಯರ್ ಆಗ್ಬೇಕಿತ್ತು.”

ಹೊಸ್ತಿಲಿಗೆ ಈ ನಿಯಮ ಮಾಡಿದವರು ಯಾರು, ಆಸ್ಪತ್ರೆಯಲ್ಲಿ ಸಾಯುವುದು ಯಾವ ತಪ್ಪು ಎಂದು ಹೆಬ್ಬೂರು ದಾಟುವವರೆಗೂ ಬಸ್ಸಿನಲ್ಲಿ ವಾದಿಸಿದೆ. ಕೊನೆಗೆ ಚಿಕ್ಕಪ್ಪ, “ಅವ್ವಂಗೆ ಮಾತ್ರ ಹೇಳಬ್ಯಾಡ. ಕೊನೇ ನೀರು ನನ್ನ ಕೈಯಿಂದ್ಲೇ ಕುಡುದ್ರು ಅಂತ ಬಂದೋರ್‌ಗೆಲ್ಲ ಹೇಳ್ಕಂಡು ಓಡಾಡ್ತಾವ್ಳೆ,” ಎಂದರು.

ತುಮಕೂರಿನ ಪಾಲಿಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಕಾದೆವು. ತಾತ ಸತ್ತ ವಾರದಲ್ಲೇ ಆಸ್ಪತ್ರೆಯವರು ವಿವರ ಕಳಿಸಿದ್ದರಿಂದ ದಾಖಲೆ ಬೇಗನೆ ಸಿಕ್ಕಿತು. ಮೂರು ಪ್ರತಿ ಪಡೆದೆ. ಮರಣದ ಸ್ಥಳ ಎಂಬಲ್ಲಿ ಆಸ್ಪತ್ರೆಯ ಹೆಸರು, ತುಮಕೂರು ನಗರ. ಸಹಿ, ಮೊಹರು ಎಲ್ಲ ಸ್ಪಷ್ಟ. ನಾನು ಬಯಸುವಂಥ ಸಾಕ್ಷ್ಯ.

ಸಂಜೆ ಕೊತ್ತಗೆರೆಯಲ್ಲಿ, ಪಿಂಚಣಿ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜಿ ಆ ಪ್ರತಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಅವಳಿಗೆ ಓದು ಬರುವುದಿಲ್ಲ.

“ಎಲ್ಲಿ ಹೋದ್ರು ಅಂತ ಬರ್ದವ್ರೆ ಮಗ?”

ಚಿಕ್ಕಪ್ಪ ಕಿಟಕಿಯತ್ತ ತಿರುಗಿದರು. ಮರಣದ ಸ್ಥಳದ ಕೆಳಗೆ ಶಾಶ್ವತ ವಿಳಾಸದ ಸಾಲಿತ್ತು. ನಾನು ಅದನ್ನು ಓದಿದೆ: “ಕೊತ್ತಗೆರೆ, ಕುಣಿಗಲ್ ತಾಲ್ಲೂಕು.”

ಓದಿದ್ದರಲ್ಲಿ ಸುಳ್ಳಿರಲಿಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರವೂ ಆಗಿರಲಿಲ್ಲ. ನಾನು ತೀರ್ಪುಗಾರಳಾಗಿದ್ದರೆ ಅಂಕ ಕಳೆಯುತ್ತಿದ್ದೆ.

“ಸರ್ಯಾಗಿ ಬರ್ದವ್ರೆ ಬುಡು,” ಎಂದು ಅಜ್ಜಿ ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು.